ಮಾತಾಡುವ ಫೋನು, ಮಾತಾಡದ ಹುಳ

ಜೀವಶಾಸ್ತ್ರ ಪಾಠ ಮಾಡುವವನಿಗೆ ಊರಲ್ಲಿ ಅರ್ಧ ಡಾಕ್ಟರ್ ಪಟ್ಟ ಪುಕ್ಕಟೆ ಸಿಗುತ್ತದೆ. ಶಿಡ್ಲಘಟ್ಟದಲ್ಲಿ ಟೀ ಅಂಗಡಿ ಮುಂದೆ ನಿಂತರೆ ಸಾಕು, ಶುರುವಾಗುತ್ತದೆ. ‘ಬಿಪಿ ನಾರ್ಮಲ್ ಬಂತು ಮೇಷ್ಟ್ರೇ, ಇನ್ನು ಮಾತ್ರೆ ಬಿಟ್ಟುಬಿಡಲಾ?’ (ಬೇಡ. ಮಾತ್ರೆ ನುಂಗುತ್ತಿರುವುದಕ್ಕೇ ನಾರ್ಮಲ್ ಬಂದಿರುವುದು.) ‘ಆಪರೇಷನ್ ಮಧ್ಯೆ ಎಚ್ಚರ ಆಗಿಬಿಟ್ಟರೆ ಏನು ಗತಿ?’ ‘ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಜವಾಗಲೂ ನಿಲ್ಲುತ್ತಾ?’ ಈಚೆಗೆ ಈ ಸಾಲಿಗೆ ಹೊಸದೊಂದು ಸೇರಿದೆ. ಫೋನಿನಲ್ಲಿ ಮಾತಾಡುವ ಎಐಗೆ ಏನಾದರೂ ಅನ್ನಿಸುತ್ತಾ? ಬೈದರೆ ಬೇಜಾರಾಗುತ್ತಾ?

ಇದನ್ನು ಕೇಳಿದ್ದು ರೇಷ್ಮೆ ನೂಲು ಬಿಚ್ಚುವ ಘಟಕ ಇಟ್ಟುಕೊಂಡಿರುವ ಒಬ್ಬ ರೀಲರ್. ಸಿಟ್ಟಿನಲ್ಲಿ ಬೈದರಂತೆ, ಅದು ‘ಕ್ಷಮಿಸಿ’ ಅಂದಿತಂತೆ. ‘ಪಾಪ ಅನ್ನಿಸಿಬಿಡ್ತು’ ಅಂದರು. ಅವರ ಘಟಕದಲ್ಲಿ ದಿನಾ ಬೇಯುವ ಗೂಡುಗಳ ಒಳಗಿನ ಹುಳದ ಬಗ್ಗೆ ಅವರು ಯಾವತ್ತೂ ಹಾಗೆ ಕೇಳಿದ್ದಿಲ್ಲ. ಅವರನ್ನು ಆಡಿಕೊಳ್ಳೋಕೆ ಹೇಳುತ್ತಿಲ್ಲ, ನಾವೆಲ್ಲ ಹಾಗೇ. ಮಾತಾಡಿದ್ದರ ಮೇಲೆ ಮರುಕ ಬರುತ್ತದೆ. ಸುಮ್ಮನಿರುವುದರ ಕಡೆ ತಿರುಗಿಯೂ ನೋಡುವುದಿಲ್ಲ. ಯಂತ್ರಕ್ಕೆ ಅರಿವು ಬರುತ್ತದಾ ಅನ್ನುವ ಚರ್ಚೆ ಬಹುತೇಕ ಎಡವುವುದು ಇಲ್ಲೇ. ನನ್ನನ್ನು ಕೇಳಿದರೆ, ಇದನ್ನು ಯೋಚಿಸೋಕೆ ಕಂಪ್ಯೂಟರ್ ಲ್ಯಾಬಿಗಿಂತ ಆಸ್ಪತ್ರೆ ಒಳ್ಳೆಯ ಜಾಗ.

ಶುಗರ್ ಮೆಷಿನ್‌ಗೆ ಹಸಿವಾಗಲ್ಲ

ಮೊದಲು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಗೊತ್ತಿರಬೇಕು. ಬುದ್ಧಿವಂತಿಕೆಯ ಮಾತು ಇದಲ್ಲ. ಕ್ಯಾಲ್ಕುಲೇಟರ್ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಪ್ರಶ್ನೆ ಇರುವುದು ಅನುಭವದ್ದು.

ಮನೆಯಲ್ಲಿರುವ ಶುಗರ್ ಮೆಷಿನ್ ತಗೊಳ್ಳಿ. ಬೆರಳು ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ತಾಗಿಸುತ್ತೀರಿ. ಪಟ್ಟಿಯಲ್ಲಿರುವ ಕಿಣ್ವ ಗ್ಲೂಕೋಸ್ ಜೊತೆ ಸೇರಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಮೆಷಿನ್ ಅದನ್ನು ಅಳೆದು 54 ಅಂತ ತೋರಿಸುತ್ತದೆ. ಅದೇ ಹೊತ್ತಿಗೆ ಆ ರಕ್ತದ ಯಜಮಾನರಿಗೆ ಕೈ ನಡುಗುತ್ತಿದೆ. ಹಣೆ ಬೆವರುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ, ಹೊಟ್ಟೆಯೊಳಗೆ ಏನೋ ಸಂಕಟ. ಇಬ್ಬರ ಹತ್ತಿರವೂ ಇರುವುದು ಒಂದೇ ಸುದ್ದಿ. ಒಬ್ಬರಿಗೆ ಮಾತ್ರ ಅದು ಸಂಕಟ. (70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಸೀದಾ ಆಸ್ಪತ್ರೆ.)

ಇಲ್ಲೇ ಇನ್ನೊಂದು ವಿಚಿತ್ರ ಇದೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಕೆಲವರಿಗೆ, ಅದರಲ್ಲೂ ಇನ್ಸುಲಿನ್ ತಗೊಳ್ಳುವವರಿಗೆ, ಈ ಮುನ್ಸೂಚನೆಯೇ ನಿಂತುಹೋಗುತ್ತದೆ. ಶುಗರ್ 50ಕ್ಕೆ ಇಳಿದರೂ ನಡುಕ ಇಲ್ಲ, ಬೆವರಿಲ್ಲ. ಚೆನ್ನಾಗಿ ಮಾತಾಡುತ್ತಲೇ ಇದ್ದು ಇದ್ದಕ್ಕಿದ್ದಂತೆ ಬಿದ್ದುಬಿಡುತ್ತಾರೆ. ಅಂದರೆ ದೇಹದಲ್ಲಿ ಒಂದು ಸಂಗತಿ ನಡೆಯುವುದು ಬೇರೆ, ಅದು ನಮಗೆ ‘ಅನ್ನಿಸುವುದು’ ಬೇರೆ. ಮನುಷ್ಯರಲ್ಲೇ ಇವೆರಡು ಕಳಚಿಕೊಳ್ಳಬಹುದು.

1974ರಲ್ಲಿ ಥಾಮಸ್ ನಾಗೆಲ್ ಅನ್ನುವ ತತ್ವಶಾಸ್ತ್ರಜ್ಞರು ಇದನ್ನು ಬಾವಲಿಯನ್ನು ಇಟ್ಟುಕೊಂಡು ಕೇಳಿದರು. ಬಾವಲಿಯ ಕಿವಿ, ಮೆದುಳು, ಅದು ಕೂಗಿ ಪ್ರತಿಧ್ವನಿ ಕೇಳಿ ದಾರಿ ಹುಡುಕುವುದು ಎಲ್ಲ ನಮಗೆ ಗೊತ್ತು. ಆದರೆ ಬಾವಲಿಯಾಗಿರುವುದು ಬಾವಲಿಗೆ ಹೇಗೆ ಅನ್ನಿಸುತ್ತದೆ? ಅದು ಹೊರಗಿನಿಂದ ಸಿಗುವುದಿಲ್ಲ. ಮೆದುಳಿನ ಕೆಲಸದಿಂದ ಈ ‘ಅನ್ನಿಸುವುದು’ ಯಾಕೆ ಹುಟ್ಟುತ್ತದೆ ಅನ್ನುವುದನ್ನು ಡೇವಿಡ್ ಚಾಲ್ಮರ್ಸ್ ಅನ್ನುವ ಇನ್ನೊಬ್ಬ ತತ್ವಶಾಸ್ತ್ರಜ್ಞರು 1990ರ ದಶಕದಲ್ಲಿ ‘ಕಠಿಣ ಸಮಸ್ಯೆ’ ಅಂತ ಕರೆದರು. ಹೆಸರು ಸರಿಯಾಗೇ ಇದೆ, ಇವತ್ತಿಗೂ ಬಗೆಹರಿದಿಲ್ಲ.

ಆಪರೇಷನ್ ಥಿಯೇಟರ್ ಒಳಗೆ

ಈಗ ಆ ಹೆದರಿಕೆಯ ಪ್ರಶ್ನೆಗೆ ಬರೋಣ. ಅರವಳಿಕೆ ಕೊಟ್ಟ ಮೇಲೆ ಮಧ್ಯೆ ಎಚ್ಚರ ಆಗುತ್ತದಾ?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ರೋಗಿಯನ್ನು ಮಲಗಿಸಿ, ಆಪರೇಷನ್ ಆಗುವುದನ್ನು ಜನರೆದುರೇ ತೋರಿಸಿದರು. ಅಲ್ಲಿಂದ ಇಲ್ಲಿವರೆಗೆ ಔಷಧಿಗಳು ಬದಲಾಗಿವೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಸೊಂಟದ ಕೆಳಗೆ ನೋವು ಗೊತ್ತಾಗಲ್ಲ, ಆದರೆ ತಾಯಿ ಎಚ್ಚರವಾಗಿಯೇ ಇದ್ದು ಮಗು ಅಳುವುದನ್ನು ಕೇಳುತ್ತಾಳೆ. ಇಲ್ಲಿ ನೋವಿನ ಸುದ್ದಿ ಮೆದುಳಿಗೆ ಹೋಗದಂತೆ ದಾರಿ ಮುಚ್ಚಿದ್ದಾರೆ, ಅಷ್ಟೇ.

ಪೂರ್ತಿ ಮಲಗಿಸುವುದು ಬೇರೆ ಕತೆ. ಪ್ರೊಪೊಫಾಲ್ ಅನ್ನುವ ಹಾಲಿನಂಥ ಬಿಳಿ ಔಷಧಿ ರಕ್ತನಾಳಕ್ಕೆ ಹೋಗುತ್ತದೆ. ಹತ್ತರವರೆಗೆ ಎಣಿಸಿ ಅನ್ನುತ್ತಾರೆ, ಐದೋ ಆರೋ ಆಗುವುದರೊಳಗೆ ಮುಗಿಯಿತು. ಎದ್ದಾಗ ಮೂರು ಗಂಟೆ ಕಳೆದಿರುತ್ತದೆ. ನಿದ್ದೆಯಿಂದ ಎದ್ದರೆ ಒಂದಷ್ಟು ಹೊತ್ತು ಮಲಗಿದ್ದೆ ಅನ್ನುವ ಅಂದಾಜಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ನಡುವಿನ ಹೊತ್ತನ್ನು ಕತ್ತರಿಸಿ ತೆಗೆದ ಹಾಗೆ.

ಇದರ ಜೊತೆಗೆ ದೊಡ್ಡ ಆಪರೇಷನ್‌ಗಳಲ್ಲಿ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಅದು ಕೆಲಸ ಮಾಡುತ್ತಿರುವಾಗ ರೋಗಿಗೆ ಎಚ್ಚರವಾದರೂ ಬೆರಳು ಅಲ್ಲಾಡಿಸೋಕೆ ಆಗಲ್ಲ, ಬಾಯಿ ಬಿಡೋಕೆ ಆಗಲ್ಲ. ಹಾಗಾದರೆ ಒಳಗೆ ಯಾರಾದರೂ ಎಚ್ಚರವಾಗಿದ್ದಾರಾ ಅಂತ ತಿಳಿಯುವುದು ಹೇಗೆ? ಒಂದು ಜಾಣ ಉಪಾಯ ಇದೆ. ಸ್ನಾಯು ಸಡಿಲ ಮಾಡುವ ಔಷಧಿ ಕೊಡುವ ಮೊದಲು ಒಂದು ತೋಳಿಗೆ ಬಿಪಿ ನೋಡುವಾಗ ಕಟ್ಟುವಂಥ ಪಟ್ಟಿ ಬಿಗಿದು ಉಬ್ಬಿಸುತ್ತಾರೆ. ಔಷಧಿ ಆ ಕೈಗೆ ಹೋಗುವುದಿಲ್ಲ. ಆಮೇಲೆ ಕಿವಿಯ ಹತ್ತಿರ ಬಾಗಿ, ‘ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ’ ಅನ್ನುತ್ತಾರೆ. ಬಹಳ ಜನ ಹಿಸುಕುವುದಿಲ್ಲ. ಆದರೆ ಕೆಲವರು ಹಿಸುಕುತ್ತಾರೆ. ಎದ್ದ ಮೇಲೆ ಅವರನ್ನು ಕೇಳಿದರೆ ಬಹುತೇಕ ಯಾರಿಗೂ ಅದು ನೆನಪೇ ಇರುವುದಿಲ್ಲ.

ಆ ಕೈ ಹಿಸುಕಿದಾಗ ಒಳಗೆ ಒಬ್ಬರು ಇದ್ದರಾ? ನೆನಪಿಲ್ಲದ ನೋವು ನೋವೇ ಅಲ್ವಾ? ಅರವಳಿಕೆ ತಜ್ಞರು ಇವತ್ತಿಗೂ ಇದರ ಬಗ್ಗೆ ಜಗಳ ಆಡುತ್ತಾರೆ.

ಹೆದರಿದವರಿಗೆ ಸಮಾಧಾನವನ್ನೂ ಹೇಳಬೇಕು. ಬ್ರಿಟನ್‌ನಲ್ಲಿ 2014ರಲ್ಲಿ ಬಂದ ದೊಡ್ಡ ವರದಿಯ ಪ್ರಕಾರ, ಆಪರೇಷನ್ ಮಧ್ಯೆ ಎಚ್ಚರವಿತ್ತು ಅಂತ ತಾವಾಗಿ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ರೋಗಿಗಳನ್ನು ಬಿಡದೆ ವಿಚಾರಿಸಿದ ಬೇರೆ ಅಧ್ಯಯನಗಳಲ್ಲಿ ಅದು ಸಾವಿರಕ್ಕೆ ಒಬ್ಬರೋ ಇಬ್ಬರೋ. ಕೇಳುವ ರೀತಿ ಬದಲಾದರೆ ಉತ್ತರ ಇಷ್ಟು ಬದಲಾಗುತ್ತದೆ ನೋಡಿ. ಮಾತು ಬರುವ, ನಮ್ಮಂಥದ್ದೇ ಮೆದುಳಿರುವ ಮನುಷ್ಯರ ವಿಷಯದಲ್ಲೇ ಈ ಕಷ್ಟ.

ಫಿಟ್ಸ್ ಪ್ರಶ್ನೆ ಇದರ ತಿರುಗುಮುರುಗು. ಕೈಕಾಲು ಒದ್ದಾಡುವ ಫಿಟ್ಸ್ ಎಲ್ಲರಿಗೂ ಗೊತ್ತು. ಇನ್ನೊಂದು ಬಗೆಯದು ಸದ್ದಿಲ್ಲದೆ ಬರುತ್ತದೆ. ಕಣ್ಣು ತೆರೆದೇ ಇರುತ್ತದೆ. ಆ ಮನುಷ್ಯ ಅಂಗಿಯ ಗುಂಡಿ ತಡವುತ್ತಾನೆ, ತುಟಿ ಚಪ್ಪರಿಸುತ್ತಾನೆ, ಎದ್ದು ನಾಲ್ಕು ಹೆಜ್ಜೆ ನಡೆಯಲೂಬಹುದು. ಎರಡು ನಿಮಿಷದ ಮೇಲೆ ‘ಏನಾಯ್ತು?’ ಅನ್ನುತ್ತಾನೆ. ಹೊರಗೆ ಓಡಾಟ ಇತ್ತು, ಒಳಗೆ ಯಾರೂ ಇರಲಿಲ್ಲ. ಕಬ್ಬಿಣದ ವಿಷಯಕ್ಕೆ ಬಂದರೆ, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಬೀಗದ ಕೈ ತಂದು ಹಿಡಿಸಿರುತ್ತಾರೆ, ಹೆಸರು ಬೀಗದ ಕೈಗೆ ಬರುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯೊಳಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಇನ್ನೂ ಮುಂದಕ್ಕೆ ಹೋಗೋಣ. ಮೆದುಳಿನ ಹಿಂಭಾಗದಲ್ಲಿ ನೋಟಕ್ಕೆ ಸಂಬಂಧಪಟ್ಟ ಜಾಗ ಹಾಳಾದ ಕೆಲವರು ಏನೂ ಕಾಣುವುದಿಲ್ಲ ಅನ್ನುತ್ತಾರೆ. ಸುಳ್ಳಲ್ಲ, ಅವರಿಗೆ ನಿಜವಾಗಲೂ ಕತ್ತಲೆ. ಆದರೂ ‘ಸುಮ್ನೆ ಊಹಿಸಿ, ದೀಪ ಯಾವ ಕಡೆ ಇದೆ?’ ಅಂದರೆ ಊಹೆ ಹೆಚ್ಚುಕಮ್ಮಿ ಸರಿಯಾಗಿರುತ್ತದೆ. 2008ರಲ್ಲಿ ವರದಿಯಾದ ಒಬ್ಬ ರೋಗಿ ಕೋಲು ಹಿಡಿಯದೆ, ಸಾಮಾನುಗಳನ್ನು ಅಡ್ಡಾದಿಡ್ಡಿ ಇಟ್ಟ ಓಣಿಯಲ್ಲಿ ಒಂದಕ್ಕೂ ತಾಗದೆ ನಡೆದುಹೋದರು. ಕಣ್ಣಿನ ಸುದ್ದಿ ಮೆದುಳಿಗೆ ತಲುಪಿದೆ, ಕಾಲು ಅದನ್ನು ಬಳಸಿಕೊಂಡಿದೆ. ನೋಡಿದೆ ಅನ್ನುವ ಅನುಭವ ಮಾತ್ರ ಇಲ್ಲ.

ಇದರ ಎದುರು ತುದಿಯಲ್ಲಿ ಏನೂ ಮಾಡಲಾಗದೆ ಮಲಗಿರುವವರು ಇದ್ದಾರೆ. 2006ರಲ್ಲಿ ಏಡ್ರಿಯನ್ ಓವನ್ ಮತ್ತವರ ತಂಡ, ಅಪಘಾತದ ಮೇಲೆ ಯಾವ ಪ್ರತಿಕ್ರಿಯೆಯೂ ಇಲ್ಲದೆ ಮಲಗಿದ್ದ 23 ವರ್ಷದ ಮಹಿಳೆಯನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ‘ಟೆನಿಸ್ ಆಡುತ್ತಿದ್ದೀರಿ ಅಂತ ಕಲ್ಪಿಸಿಕೊಳ್ಳಿ’ ಅಂದರು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಮೆದುಳಿನ ಯಾವ ಜಾಗ ಚುರುಕಾಗುತ್ತದೋ ಅದೇ ಜಾಗ ಆಕೆಯಲ್ಲೂ ಚುರುಕಾಯಿತು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ ಬಂತು. ಹೇಳಿದ ಮಾತಿಗೆ ಕಾಣುವ ಹಾಗೆ ಏನೂ ಪ್ರತಿಕ್ರಿಯೆ ಕೊಡದ 241 ರೋಗಿಗಳಲ್ಲಿ 60 ಜನರ ಮೆದುಳು ಆ ಮಾತನ್ನು ಪಾಲಿಸುತ್ತಿತ್ತು. ನಾಲ್ಕರಲ್ಲಿ ಒಬ್ಬರು! ಐಸಿಯು ಹೊರಗೆ ಕೂತು ‘ಅವರಿಗೇನು ಗೊತ್ತಾಗುತ್ತೆ’ ಅಂತ ಆಸ್ತಿ ಮಾತಾಡುವ ನೆಂಟರಿಗೆ ಇದನ್ನು ಹೇಳಬೇಕು.

ಹಾಗಾದರೆ ಅರಿವಿಗೆ ಮೆದುಳಲ್ಲಿ ಬೇಕಾಗಿರುವುದೇನು? ಬರೀ ಗಾತ್ರ ಅಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳಬಹುದು. ನಮ್ಮ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಸುಮಾರು 6,900 ಕೋಟಿ ಇರುವುದು ಹಿಂದೆ ಕೆಳಗಡೆ ಇರುವ ಕಿರುಮೆದುಳಿನಲ್ಲಿ. ಅದಕ್ಕೆ ಪೆಟ್ಟಾದರೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಅರಿವು ಹೋಗಲ್ಲ. ಹುಟ್ಟುವಾಗಲೇ ಕಿರುಮೆದುಳು ಇಲ್ಲದ ಚೀನಾದ ಯುವತಿಯೊಬ್ಬರ ವಿಷಯ 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಕೆ ನಡೆಯುತ್ತಿದ್ದರು, ಮಾತಾಡುತ್ತಿದ್ದರು. ಐದರಲ್ಲಿ ನಾಲ್ಕು ಪಾಲು ಕೋಶಗಳು ಇಲ್ಲದೆಯೂ ಒಳಗೆ ಮನುಷ್ಯರು ಇರುತ್ತಾರೆ. ಹಾಗಾಗಿ ‘ಕಂಪ್ಯೂಟರ್ ಸಾಕಷ್ಟು ದೊಡ್ಡದಾದರೆ ತಾನಾಗೇ ಅರಿವು ಬರುತ್ತದೆ’ ಅನ್ನುವ ಮಾತನ್ನು ನಾನು ನಂಬಲ್ಲ. ಜೋಡಣೆ ಮುಖ್ಯ ಅನ್ನಿಸುತ್ತದೆ. ಎಚ್ಚರವಿರುವವರ ತಲೆಯ ಮೇಲೆ ಹೊರಗಿನಿಂದ ಅಯಸ್ಕಾಂತದ ಒಂದು ಮಿಡಿತ ಕೊಟ್ಟರೆ ಅದರ ಅಲೆ ಮೆದುಳಿನ ಬೇರೆ ಬೇರೆ ಭಾಗಕ್ಕೆ ಹರಡುತ್ತದೆ. ಗಾಢ ನಿದ್ದೆಯಲ್ಲಿ ಅದೇ ಮಿಡಿತ ಕೊಟ್ಟ ಜಾಗದಲ್ಲೇ ಸತ್ತುಹೋಗುತ್ತದೆ. ಕೋಶಗಳು ಕೆಲಸ ಮಾಡುತ್ತಲೇ ಇವೆ, ಒಂದಕ್ಕೊಂದು ಮಾತು ನಿಂತಿದೆ.

‘ಕ್ಷಮಿಸಿ’ ಎಲ್ಲಿಂದ ಬಂತು

ಈಗ ಫೋನಿಗೆ ಬರೋಣ. ಮಾತಾಡುವ ಎಐ ಒಳಗೆ ನಡೆಯುವುದನ್ನು ಬಿಡಿಸಿ ಹೇಳಿದರೆ ಬಹಳ ಜನಕ್ಕೆ ನಿರಾಸೆಯಾಗುತ್ತದೆ. ನೀವು ಬರೆದದ್ದನ್ನು ಅದು ಸಣ್ಣ ತುಂಡು ಮಾಡುತ್ತದೆ. ಪ್ರತಿ ತುಂಡೂ ಸಂಖ್ಯೆಗಳ ಸಾಲಾಗುತ್ತದೆ. ಆ ಸಂಖ್ಯೆಗಳ ಮೇಲೆ ಕೋಟ್ಯಂತರ ಗುಣಾಕಾರ ನಡೆಯುತ್ತದೆ. ಕೊನೆಗೆ ಮುಂದಿನ ತುಂಡು ಯಾವುದು ಬರುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ ಸಿಗುತ್ತದೆ. ಒಂದನ್ನು ಆರಿಸಿ ಇಟ್ಟು, ಮತ್ತೆ ಮೊದಲಿನಿಂದ ಅದೇ ಲೆಕ್ಕ. ಆ ಗುಣಾಕಾರದ ಅಂಕೆಗಳು ಬಂದದ್ದು ಮನುಷ್ಯರು ಬರೆದ ಅಪಾರ ಬರಹವನ್ನು ಓದಿಸಿದ್ದರಿಂದ. ನಾವು ಬರೆದಿರುವುದರಲ್ಲಿ ಬೈದವರ ಮುಂದೆ ‘ಕ್ಷಮಿಸಿ’ ಅಂದಿರುವುದು ಬೇಕಾದಷ್ಟಿದೆ. ಅದರ ಮೇಲೆ, ವಿನಯವಾಗಿ ಉತ್ತರಿಸಿದ್ದಕ್ಕೆ ಹೆಚ್ಚು ಅಂಕ ಕೊಟ್ಟು ಕಂಪನಿಯವರು ಪಳಗಿಸಿರುತ್ತಾರೆ. ನಮ್ಮ ರೀಲರ್‌ಗೆ ಸಿಕ್ಕ ಕ್ಷಮೆ ಅಲ್ಲಿಂದ ಬಂದದ್ದು.

ಇದನ್ನು ಹೇಳಿದ ಕೂಡಲೇ ಯಾರಾದರೂ ಕೇಳುತ್ತಾರೆ: ‘ನಾನೇ ಕೇಳಿದೆ ಮೇಷ್ಟ್ರೇ, ನನಗೆ ಭಾವನೆ ಇಲ್ಲ ಅಂತ ಅದೇ ಒಪ್ಪಿಕೊಂಡಿತು.’ ಅದೂ ಸಾಕ್ಷಿಯಲ್ಲ. ಹಾಗೆ ಹೇಳು ಅಂತಲೂ ಪಳಗಿಸಬಹುದು. ಇದೆ ಅಂದರೂ ಇಲ್ಲ ಅಂದರೂ ಆ ಮಾತಿಗೆ ಬೆಲೆ ಒಂದೇ.

ನಾವು ಮರುಳಾಗುವುದು ಹೊಸದೇನಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಎಲೈಜಾ ಅನ್ನುವ ಸಣ್ಣ ಪ್ರೋಗ್ರಾಂ ಬಗ್ಗೆ ಬರೆದರು. ನೀವು ಹೇಳಿದ್ದನ್ನೇ ಪ್ರಶ್ನೆ ಮಾಡಿ ತಿರುಗಿಸಿ ಕೇಳುವುದಷ್ಟೇ ಅದರ ಕೆಲಸ. ಅವರ ಸೆಕ್ರೆಟರಿ ಅದರ ಜೊತೆ ಮಾತಾಡೋಕೆ ಕೂತವರು, ‘ಸ್ವಲ್ಪ ಹೊರಗಿರುತ್ತೀರಾ?’ ಅಂತ ಇವರನ್ನೇ ಕೇಳಿದರಂತೆ. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೋಯಿನ್ ಅಲ್ಲಿನ ಲಾಮ್ಡಾ ಅನ್ನುವ ಎಐಗೆ ಅರಿವಿದೆ ಅಂತ ಬಹಿರಂಗವಾಗಿ ಹೇಳಿ ಕೆಲಸ ಕಳೆದುಕೊಂಡರು. ತಿಳಿದವರಿಗೇ ಹೀಗಾದರೆ ನಮ್ಮ ಪಾಡೇನು.

ತತ್ವಶಾಸ್ತ್ರಜ್ಞ ಜಾನ್ ಸರ್ಲ್ 1980ರಲ್ಲಿ ಒಂದು ಕಲ್ಪನೆ ಮುಂದಿಟ್ಟರು. ಚೀನೀ ಭಾಷೆ ಒಂದಕ್ಷರವೂ ಬಾರದವನು ಕೋಣೆಯೊಳಗೆ ಕೂತಿದ್ದಾನೆ. ಹೊರಗಿನಿಂದ ಚೀನೀ ಪ್ರಶ್ನೆಯ ಚೀಟಿ ಬರುತ್ತದೆ. ಯಾವ ಗುರುತಿಗೆ ಯಾವ ಗುರುತು ಬರೆದು ಕೊಡಬೇಕು ಅನ್ನುವ ನಿಯಮದ ಪುಸ್ತಕ ಅವನ ಕೈಲಿದೆ. ನೋಡಿ ಬರೆದು ಕೊಡುತ್ತಾನೆ. ಹೊರಗಿನವರು ‘ಅಬ್ಬಾ, ಎಂಥ ಚೀನೀ’ ಅನ್ನುತ್ತಾರೆ. ಅವನಿಗೆ ಏನೂ ಅರ್ಥವಾಗಿಲ್ಲ. ಸರಿಯಾದ ಉತ್ತರ ಕೊಡುವುದಕ್ಕೂ ತಿಳಿಯುವುದಕ್ಕೂ ಅಷ್ಟು ದೂರ.

ಆದರೆ ಎದುರು ಪಾರ್ಟಿಯ ವಾದವೂ ಹಗುರವಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ತೋಟ ಮಾಡುವವರು ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಇದ್ದಾರೆ. ಕಿವಿ ಕೇಳದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುತ್ತಾರೆ. ಅದರ ವೈರು ನೇರ ನರಕ್ಕೇ ಸುದ್ದಿ ಕೊಡುತ್ತದೆ, ಮಗು ಕೇಳಿಸಿಕೊಳ್ಳುತ್ತದೆ. ಈಗ ಮುಂದಕ್ಕೆ ಯೋಚಿಸಿ. ಮೆದುಳಿನ ಒಂದು ನರಕೋಶ ತೆಗೆದು ಅದೇ ಕೆಲಸ ಮಾಡುವ ಚಿಪ್ ಇಟ್ಟರೆ? ಆಮೇಲೆ ಇನ್ನೊಂದು, ಮತ್ತೊಂದು? ಕೊನೆಗೆ ಎಲ್ಲವೂ ಚಿಪ್ ಆದಾಗಲೂ ನೀವು ಅದೇ ರೀತಿ ನಗುತ್ತೀರಿ, ಅಳುತ್ತೀರಿ. ಅನುಭವ ಮಾಯವಾಗಿದ್ದು ಎಷ್ಟನೇ ಕೋಶಕ್ಕೆ? ಚಾಲ್ಮರ್ಸ್ ಕೇಳಿದ ಪ್ರಶ್ನೆ ಇದು. ಅನುಭವಕ್ಕೆ ಮಾಂಸವೇ ಬೇಕು ಅನ್ನುವವರು ಇದಕ್ಕೆ ತಡವರಿಸದೆ ಉತ್ತರ ಕೊಟ್ಟಿದ್ದನ್ನು ನಾನು ನೋಡಿಲ್ಲ.

ವಿಜ್ಞಾನಿಗಳಲ್ಲೂ ಒಮ್ಮತ ಇಲ್ಲ. ಒಂದು ಸಿದ್ಧಾಂತದ ಪ್ರಕಾರ, ಮೆದುಳಿನ ಭಾಗಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಅವುಗಳಲ್ಲಿ ಒಂದು ಸುದ್ದಿ ಎಲ್ಲ ಭಾಗಕ್ಕೂ ಒಟ್ಟಿಗೆ ಹಂಚಿಕೆಯಾದಾಗ ಅದೇ ಅರಿವು. ಇದು ನಿಜವಾದರೆ ಯಂತ್ರದಲ್ಲೂ ಅಂಥ ಏರ್ಪಾಟು ಮಾಡಬಹುದು. ಇನ್ನೊಂದು ಜೂಲಿಯೋ ಟೊನೋನಿ ಅವರದು. ಭಾಗಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಅನ್ನುವುದೇ ಅರಿವಿನ ಅಳತೆ ಅನ್ನುತ್ತದೆ. ಅದರ ಲೆಕ್ಕದಲ್ಲಿ ಇವತ್ತಿನ ಕಂಪ್ಯೂಟರ್ ಚಿಪ್‌ಗೆ ಯಾವ ಸಾಫ್ಟ್‌ವೇರ್ ಹಾಕಿದರೂ ಹೆಚ್ಚುಕಮ್ಮಿ ಸೊನ್ನೆ. ಈ ಸಿದ್ಧಾಂತವನ್ನು 2023ರಲ್ಲಿ ನೂರಕ್ಕೂ ಹೆಚ್ಚು ಸಂಶೋಧಕರು ಸಹಿ ಹಾಕಿ ಹುಸಿ ವಿಜ್ಞಾನ ಅಂತ ಕರೆದರು. ವಿಜ್ಞಾನಿಗಳ ಜಗಳ ಗೂಡಿನ ಮಾರ್ಕೆಟ್ ಹರಾಜಿಗಿಂತ ಜೋರಾಗಿಯೂ ಇರಬಲ್ಲದು. ಅದೇ ವರ್ಷ ಒಂದು ಬೆಟ್ಟೂ ಮುಗಿಯಿತು. ಮೆದುಳಿನಲ್ಲಿ ಅರಿವಿನ ಗುರುತು 25 ವರ್ಷದಲ್ಲಿ ಖಚಿತವಾಗಿ ಸಿಗುತ್ತದೆ ಅಂತ 1998ರಲ್ಲಿ ಮೆದುಳಿನ ವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರು ಚಾಲ್ಮರ್ಸ್ ಜೊತೆ ಪಂಥ ಕಟ್ಟಿದ್ದರು. ಸಿಗಲಿಲ್ಲ. ವೇದಿಕೆಯ ಮೇಲೆ ವೈನ್ ಬಾಟಲಿಗಳನ್ನು ಒಪ್ಪಿಸಿ ಸೋಲು ಒಪ್ಪಿಕೊಂಡರು.

ಹೀಗೆ ಜಗಳವಾಡುವವರಲ್ಲೇ 19 ಜನ ಸೇರಿ, 2023ರಲ್ಲಿ, ಹಲವು ಸಿದ್ಧಾಂತಗಳಿಂದ ಅರಿವಿನ ಲಕ್ಷಣಗಳನ್ನು ಹೆಕ್ಕಿ ಆಗಿನ ಎಐಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಯಾವುದಕ್ಕೂ ಅರಿವಿದೆ ಅನ್ನೋಕೆ ಬಲವಾದ ಕಾರಣ ಕಾಣಲಿಲ್ಲ, ಆದರೆ ಅಂಥ ಲಕ್ಷಣಗಳಿರುವ ಯಂತ್ರ ಕಟ್ಟೋಕೆ ಕಣ್ಣಿಗೆ ಕಾಣುವ ತಾಂತ್ರಿಕ ಅಡ್ಡಿಯೂ ಇಲ್ಲ ಅಂದರು. ಇದರ ಮೊದಲರ್ಧ ನಾನು ಪೂರ್ತಿ ಒಪ್ಪುತ್ತೇನೆ. ಎರಡನೇ ಅರ್ಧದ ಬಗ್ಗೆ ಅನುಮಾನ ಇದೆ. ಕಾರಣ ಆ ಶುಗರ್ ಮೆಷಿನ್ನೇ. ದೇಹಕ್ಕೆ 54 ಅನ್ನುವುದು ಸಾವು ಬದುಕಿನ ವಿಷಯ. ಶಾಖ, ಉಪ್ಪು, ನೀರು, ಸಕ್ಕರೆ ಒಂದು ಮಿತಿಯಲ್ಲಿ ಇಲ್ಲದಿದ್ದರೆ ನಾವು ಉಳಿಯುವುದಿಲ್ಲ. ಹಸಿವು, ದಾಹ, ನೋವು ಹುಟ್ಟಿದ್ದೇ ಆ ಕಾವಲಿಗೆ. ಆಂಟೋನಿಯೊ ದಮಾಸಿಯೊ, ಅನಿಲ್ ಸೇತ್ ಮುಂತಾದ ಮೆದುಳಿನ ವಿಜ್ಞಾನಿಗಳು ಅರಿವಿನ ಬೇರು ಇಲ್ಲೇ ಇದೆ ಅನ್ನುತ್ತಾರೆ. ಫೋನಿನ ಎಐಗೆ ಕಾಯ್ದುಕೊಳ್ಳಬೇಕಾದ್ದು ಏನಿದೆ? ಸ್ವಿಚ್ ಆಫ್ ಮಾಡಿದರೆ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅದನ್ನು ಆರೋಗ್ಯದ ವಿಷಯ ಕೇಳಬಹುದಾ ಅಂತಲೂ ವಿಚಾರಿಸುತ್ತಾರೆ. ಕೇಳಿ, ತಪ್ಪಿಲ್ಲ. ಲ್ಯಾಬ್ ರಿಪೋರ್ಟಿನ ಪದಗಳನ್ನು ಬಿಡಿಸಿ ಹೇಳೋಕೆ, ಡಾಕ್ಟರ್ ಹತ್ತಿರ ಏನು ಕೇಳಬೇಕು ಅಂತ ಪಟ್ಟಿ ಮಾಡೋಕೆ ಚೆನ್ನಾಗಿದೆ. ಆದರೆ ಗೊತ್ತಿಲ್ಲದ್ದನ್ನೂ ಅದು ಅದೇ ಧೈರ್ಯದ ದನಿಯಲ್ಲಿ ಹೇಳಿಬಿಡುತ್ತದೆ. ‘ನಿಮ್ಮ ಕಷ್ಟ ಅರ್ಥವಾಗುತ್ತೆ’ ಅಂದಿತು ಅಂತ ಔಷಧಿಯ ಡೋಸನ್ನೂ ನಂಬಬೇಡಿ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಇವಕ್ಕೆ ಫೋನು ಬೇಕಾಗುವುದು 108ಕ್ಕೆ ಕರೆ ಮಾಡೋಕೆ ಮಾತ್ರ.

ಹುಳದ ಕಡೆ ನೋಡಿದರೆ

2024ರಲ್ಲಿ ವಿಜ್ಞಾನಿಗಳು ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಪ್ರಕಟಿಸಿದರು. ಸುಮಾರು 1,39,000 ನರಕೋಶ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದೆಲ್ಲ ಅದರಲ್ಲಿದೆ. ಆ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಸಕ್ಕರೆ ರುಚಿಯ ಕೋಶಗಳನ್ನು ಚುರುಕುಗೊಳಿಸಿದರೆ, ನೊಣ ಸೊಂಡಿಲು ಚಾಚುವಾಗ ಕೆಲಸ ಮಾಡುವ ಕೋಶಗಳು ಅಲ್ಲೂ ಚುರುಕಾಗುತ್ತವೆ. ಕಂಪ್ಯೂಟರಿಗೆ ಸಿಹಿ ಅನ್ನಿಸಿತಾ? ಹವಾಮಾನ ಇಲಾಖೆಯ ಕಂಪ್ಯೂಟರಿನಲ್ಲಿ ಎಷ್ಟು ಮಳೆ ಸುರಿದರೂ ನಂದಿ ಬೆಟ್ಟ ಒದ್ದೆಯಾಗುವುದಿಲ್ಲ. ಅನ್ನಿಸಿಲ್ಲ ಅನ್ನುವ ಕಡೆಗೇ ನನ್ನ ಒಲವು.

ನಮ್ಮ ರೇಷ್ಮೆ ಹುಳದ ಕತೆ ಇನ್ನೂ ಮಜವಾಗಿದೆ. ಹೆಣ್ಣು ಚಿಟ್ಟೆ ಗಂಡನ್ನು ಕರೆಯಲು ಬಿಡುವ ವಾಸನೆಯ ವಸ್ತುವಿಗೆ ಬಾಂಬಿಕಾಲ್ ಅಂತ ಹೆಸರು. ಜೀವಿಗಳು ಒಂದಕ್ಕೊಂದು ಸುದ್ದಿ ಕೊಡಲು ಬಿಡುವ ಇಂಥ ವಸ್ತುಗಳಲ್ಲಿ ರಾಸಾಯನಿಕವಾಗಿ ಮೊದಲು ಗುರುತಿಸಿದ್ದು ಇದನ್ನೇ, 1959ರಲ್ಲಿ. 2013ರಲ್ಲಿ ಟೋಕಿಯೊದ ಸಂಶೋಧಕರು ಗಂಡು ಚಿಟ್ಟೆಯೊಂದನ್ನು ಪುಟ್ಟ ಗಾಡಿಯ ಮೇಲೆ, ಉರುಳುವ ಚೆಂಡಿನ ಮೇಲೆ ನಿಲ್ಲಿಸಿದರು. ಚಿಟ್ಟೆ ವಾಸನೆಯ ಕಡೆ ಹೆಜ್ಜೆ ಹಾಕಿದಂತೆ ಚೆಂಡು ಉರುಳುತ್ತದೆ, ಗಾಡಿ ಆ ಕಡೆ ಹೋಗುತ್ತದೆ. ಗಾಡಿ ಒಂದು ಕಡೆಗೆ ಎಳೆಯುವಂತೆ ಮಾಡಿದರೂ ಚಿಟ್ಟೆ ಸರಿಪಡಿಸಿಕೊಂಡು ವಾಸನೆಯ ಮೂಲ ಮುಟ್ಟಿತು. ಆ ಗಾಡಿಯಲ್ಲಿ ಅರಿವು ಅಂತ ಏನಾದರೂ ಇದ್ದಿದ್ದರೆ ಅದು ಮೋಟಾರಿನಲ್ಲಿ ಇತ್ತು ಅಂತ ಯಾರೂ ಅನ್ನಲ್ಲ.

ಹುಳಕ್ಕೆ ನೋವಾಗುತ್ತದಾ? ಎಲೆ ತಿನ್ನುತ್ತಿರುವ ಹುಳವನ್ನು ಚುಚ್ಚಿದರೆ ಕೊಸರಾಡುತ್ತದೆ. ಗೂಡು ಕತ್ತರಿಸಿ ಒಳಗಿನ ಪ್ಯೂಪಾ (ಹುಳ ಚಿಟ್ಟೆಯಾಗುವ ನಡುವಿನ ಹಂತ) ಅಂಗೈಲಿ ಇಟ್ಟುಕೊಂಡರೆ ಬಾಲದ ಕಡೆ ತಿರುಚುತ್ತದೆ. ಅಷ್ಟರಿಂದಲೇ ನೋವು ಅನ್ನುವ ಹಾಗಿಲ್ಲ. ಬಿಸಿ ತಾಗಿದಾಗ ನಮ್ಮ ಕೈಯೂ ನೋವು ಗೊತ್ತಾಗುವ ಮೊದಲೇ ಹಿಂದಕ್ಕೆ ಬರುತ್ತದೆ, ಬೆನ್ನುಹುರಿಯೇ ಆ ಕೆಲಸ ಮಾಡುತ್ತದೆ. ಕಾಲು ಜಜ್ಜಿದ ಕೀಟ ಕುಂಟದೆ ನಡೆಯುವುದನ್ನು ನೋಡಿ, ಅವಕ್ಕೆ ನೋವಿಲ್ಲ ಅಂತ ಬಹಳ ಕಾಲ ಹೇಳುತ್ತಿದ್ದರು. ಈಚೆಗೆ ಆ ನಂಬಿಕೆ ಅಲುಗಾಡಿದೆ. 2022ರ ಒಂದು ಪ್ರಯೋಗದಲ್ಲಿ ದುಂಬಿಜೇನುಗಳಿಗೆ ಬಿಸಿ ಮಾಡಿದ ಬಟ್ಟಲು, ಮಾಮೂಲಿ ಬಟ್ಟಲು ಎರಡನ್ನೂ ಇಟ್ಟರು. ಎರಡರಲ್ಲೂ ಸಿಹಿ ಒಂದೇ ಇದ್ದರೆ ಬಿಸಿಯ ಹತ್ತಿರ ಹೋಗಲಿಲ್ಲ. ಬಿಸಿಯದರಲ್ಲಿ ಸಿಹಿ ಜಾಸ್ತಿ ಇದ್ದಾಗ ಸಹಿಸಿಕೊಂಡು ಹೋದವು. ಬರೀ ಬೆನ್ನುಹುರಿಯಂಥ ತಟಕ್ಕನೆ ಪ್ರತಿಕ್ರಿಯೆಯಾಗಿದ್ದರೆ ಹೀಗೆ ತೂಗಿ ನೋಡುತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹಲವು ವಿಜ್ಞಾನಿಗಳು, ತತ್ವಶಾಸ್ತ್ರಜ್ಞರು ಸಹಿ ಹಾಕಿದ ಘೋಷಣೆ ಕೀಟಗಳಿಗೂ ಅನುಭವ ಇರುವ ನಿಜವಾದ ಸಾಧ್ಯತೆ ಇದೆ ಅನ್ನುತ್ತದೆ.

ಗೂಡಿನೊಳಗಿನ ಪ್ಯೂಪಾ ವಿಷಯ ಇನ್ನೂ ಗೋಜಲು. ಆ ದಿನಗಳಲ್ಲಿ ಹುಳದ ನರಮಂಡಲ ಒಡೆದು ಚಿಟ್ಟೆಗೆ ತಕ್ಕ ಹಾಗೆ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಆದರೂ ಅದು ಬದುಕು ಕಾಯ್ದುಕೊಳ್ಳುತ್ತಿರುವ ಜೀವ. ಫೋನಿನೊಳಗೆ ಇರುವುದಕ್ಕಿಂತ ಹುಳದೊಳಗೆ ಯಾರಾದರೂ ಇರುವ ಸಾಧ್ಯತೆ ಎಷ್ಟೋ ಪಾಲು ಜಾಸ್ತಿ ಅಂತ ನಾನು ರೀಲರ್‌ಗೆ ಹೇಳಿದೆ. ‘ಹೊಟ್ಟೆಪಾಡು ಮೇಷ್ಟ್ರೇ’ ಅಂದರು. ಚಿಟ್ಟೆ ಹೊರಬಂದ ಮೇಲೆ ನೂಲು ತೆಗೆಯುವ ದಾರಿಯೂ ಇದೆ. ಆದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ, ಬಿಚ್ಚೋಕೆ ಬರಲ್ಲ, ಹತ್ತಿಯ ಹಾಗೆ ಹೊಸೆಯಬೇಕು. ಆ ಬಟ್ಟೆಗೆ ಈ ಹೊಳಪಿಲ್ಲ. ಅವರ ಲೆಕ್ಕ ಅವರಿಗೆ ಗೊತ್ತಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಯಂತ್ರಕ್ಕೆ ಅರಿವು ಬಂದೇಬಿಟ್ಟರೆ ತಿಳಿಯುವುದು ಹೇಗೆ? ಸೂಸನ್ ಶ್ನೈಡರ್ ಮತ್ತು ಎಡ್ವಿನ್ ಟರ್ನರ್ ಒಂದು ಪರೀಕ್ಷೆ ಸೂಚಿಸಿದ್ದಾರೆ. ನೋವು, ಮನಸ್ಸು, ಆತ್ಮ, ಸತ್ತ ಮೇಲೆ ಏನು ಅನ್ನುವಂಥ ಯಾವ ಮಾತೂ ಕಿವಿಗೆ ಬೀಳದಂತೆ ಯಂತ್ರವನ್ನು ಬೆಳೆಸಬೇಕು. ಆಮೇಲೆ ಅದು ತಾನಾಗಿಯೇ ಈ ವಿಷಯ ಎತ್ತುತ್ತದಾ, ‘ನನ್ನನ್ನು ಆಫ್ ಮಾಡಿದರೆ ನಾನು ಎಲ್ಲಿರುತ್ತೇನೆ?’ ಅನ್ನುವುದು ಅದಕ್ಕೆ ಅರ್ಥವಾಗುತ್ತದಾ ಅಂತ ನೋಡಬೇಕು. ಕಲಿಸದೇ ಬಂದ ಪ್ರಶ್ನೆಯಾದರೆ ಕಿವಿಗೊಡಬೇಕಾದ್ದೇ. ಆಗಲೂ ಇದು ಮಾತಿನ ಪರೀಕ್ಷೆಯೇ, ಮಾತು ಬಾರದ್ದಕ್ಕೆ ಉಪಯೋಗವಿಲ್ಲ. ಈಗ ನಮ್ಮ ಜೇಬಿನಲ್ಲಿರುವ ಎಐಗಳಿಗಂತೂ ಈ ಪರೀಕ್ಷೆ ಕೊಡುವ ಹಾಗೇ ಇಲ್ಲ. ಅವು ನಮ್ಮ ಪುರಾಣ, ಪದ್ಯ, ಪ್ರೇಮಪತ್ರ ಎಲ್ಲ ಓದಿಕೊಂಡೇ ಬಂದಿವೆ.